ಲಾಗಿನ್ ಪುಟ ತಿರುಗಿ ತಿರುಗಿ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಎಲ್ಲಿ?

ಪ್ರಶ್ನೆ: ಉಡುಪಿ ಹತ್ತಿರದ ನಮ್ಮೂರ ದೇವಸ್ಥಾನದ ಯಕ್ಷಗಾನ ಮೇಳದ ಹರಕೆಯಾಟಗಳ ಬುಕ್ಕಿಂಗ್ ಅನ್ನು ಕಚೇರಿಯ ಒಂದು ಸರ್ವರ್‌ನಲ್ಲಿ ಇಟ್ಟಿದ್ದೇವೆ. ಉಬುಂಟು 22.04 ಲಿನಕ್ಸ್, ಡೇಟಾಬೇಸಿಗೆ ಮೈಎಸ್‌ಕ್ಯೂಎಲ್, ವೆಬ್ ಪುಟಗಳಿಗೆ ಅಪಾಚೆ, ಬ್ರೌಸರಿನಿಂದ ಡೇಟಾಬೇಸ್ ನೋಡಿಕೊಳ್ಳಲು ಪಿಎಚ್‌ಪಿಮೈಅಡ್ಮಿನ್. ಡಿಸ್ಕ್ 40 ಜಿಬಿ. ರಸೀದಿಗಳ ಫೋಟೋ ಕೂಡ ಡೇಟಾಬೇಸ್‌ನಲ್ಲೇ ಇವೆ. ಏಪ್ರಿಲ್ ಆರಂಭದಿಂದ ಪ್ರತಿ ರಾತ್ರಿ ಸುಮಾರು 400 ಎಂಬಿಯ ಬ್ಯಾಕಪ್ ಅದೇ ಯಂತ್ರದಲ್ಲಿ ಉಳಿಯುವಂತೆ ಮಾಡಿದ್ದೆ. ಜೂನ್ ಮೊದಲ ವಾರದಲ್ಲಿ ಪಿಎಚ್‌ಪಿಮೈಅಡ್ಮಿನ್ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಏನೂ ಹೇಳದೆ ಲಾಗಿನ್ ಪುಟಕ್ಕೇ ಮರಳತೊಡಗಿತು. ಬುಕ್ಕಿಂಗ್ ತಂತ್ರಾಂಶದಲ್ಲಿ ಉಳಿಸಲು ಹೋದರೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ನಾಲ್ಕೈದು ದಿನಗಳ ಬಳಿಕ ಸಿಡಿಲು ಮಳೆಗೆ ಕರೆಂಟು ಹೋಗಿ ಬಂದ ಮೇಲೆ 2002 ಎಂಬ ದೋಷ ಸಂಖ್ಯೆ ಬರುತ್ತಿದೆ. ಪಿಎಚ್‌ಪಿಮೈಅಡ್ಮಿನ್ ಅನ್ನು ಎರಡು ಸಲ ತೆಗೆದು ಮತ್ತೆ ಹಾಕಿದೆ, ಪ್ರಯೋಜನವಾಗಲಿಲ್ಲ. ಸೆಷನ್ ಫೋಲ್ಡರಿಗೆ 777 (ಎಲ್ಲರೂ ಓದಿ ಬರೆಯಬಹುದಾದ) ಅನುಮತಿ ಕೊಟ್ಟು, ಮೈಎಸ್‌ಕ್ಯೂಎಲ್ ಫೋಲ್ಡರಿನಲ್ಲಿರುವ ದೊಡ್ಡ ಕಡತಗಳನ್ನು ಅಳಿಸು ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಬೇಡ. ಆ ಎರಡೂ ಕೆಲಸಗಳನ್ನು ದಯವಿಟ್ಟು ಮಾಡಬೇಡಿ. ಮೈಎಸ್‌ಕ್ಯೂಎಲ್ ಫೋಲ್ಡರಿನ ದೊಡ್ಡ ಕಡತಗಳೆಂದರೆ ನಿಮ್ಮ ಭಕ್ತರ ಬುಕ್ಕಿಂಗ್‌ಗಳೇ. ಮಂಗಳೂರಿನ ಬಂದರು ಪ್ರದೇಶದ ಒಂದು ವ್ಯಾಪಾರಿ ಕಚೇರಿಯಲ್ಲಿ ಜಾಗ ಮಾಡಲೆಂದು ಒಬ್ಬರು ಮೈಎಸ್‌ಕ್ಯೂಎಲ್‌ನ 'ಐಬಿಡೇಟಾ1' ಎಂಬ ಮುಖ್ಯ ಕಡತವನ್ನು ಅಳಿಸಿದ ಮರುದಿನ ನನ್ನನ್ನು ಕರೆದಿದ್ದರು. ಬ್ಯಾಕಪ್ ಇರಲಿಲ್ಲ. ಎರಡು ವರ್ಷದ ಲೆಕ್ಕವನ್ನು ಕಾಗದದ ವೋಚರ್‌ಗಳಿಂದ ಮತ್ತೆ ಟೈಪ್ ಮಾಡಬೇಕಾಯಿತು. ಆ ಮೇಜಿನ ಮೇಲಿದ್ದ ವೋಚರ್‌ಗಳ ರಾಶಿ ಇಂದಿಗೂ ನನ್ನ ಕಣ್ಣಿಗೆ ಕಟ್ಟಿದೆ.

ನೀವು ಹೇಳಿದ ವಿವರಗಳಿಂದಲೇ ಕಾರಣ ಬಹುಮಟ್ಟಿಗೆ ತಿಳಿಯುತ್ತದೆ. ಡಿಸ್ಕ್ ತುಂಬಿದೆ. ಏಪ್ರಿಲ್ ಆರಂಭದಿಂದ ಜೂನ್ ಮೊದಲ ವಾರದವರೆಗೆ ಸುಮಾರು ಅರವತ್ತೈದು ರಾತ್ರಿಗಳು, ರಾತ್ರಿಗೆ 400 ಎಂಬಿ ಎಂದರೆ 26 ಜಿಬಿ. ಅದರ ಮೇಲೆ ಉಬುಂಟು, ಡೇಟಾಬೇಸ್, ಮತ್ತು ನೀವು ಪ್ರಸ್ತಾಪಿಸದ ಇನ್ನೊಂದು ಸಂಗತಿ, ಡೇಟಾಬೇಸಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಮೈಎಸ್‌ಕ್ಯೂಎಲ್‌ನ ಬೈನರಿ ಲಾಗ್‌ಗಳು. ಇವೆಲ್ಲ ಸೇರಿದರೆ 40 ಜಿಬಿ ಎಲ್ಲಿ ಉಳಿಯುತ್ತದೆ?

ಖಚಿತಪಡಿಸಿಕೊಳ್ಳಲು ಟರ್ಮಿನಲ್‌ನಲ್ಲಿ 'ಡಿಎಫ್' ಆದೇಶವನ್ನು 'ಎಚ್' ಆಯ್ಕೆಯೊಂದಿಗೆ ಕೊಡಿ. ಮೂಲ ವಿಭಾಗದ ಸಾಲಿನಲ್ಲಿ ಶೇಕಡಾ 100 ಎಂದಿದ್ದರೆ ಸಂಶಯ ತೀರಿತು. ಅಲ್ಲಿ ಜಾಗ ಕಂಡರೂ ಬಿಡಬೇಡಿ, ಅದೇ ಆದೇಶವನ್ನು 'ಐ' ಆಯ್ಕೆಯೊಂದಿಗೆ ಮತ್ತೊಮ್ಮೆ ಕೊಡಿ. ಅದು ಐನೋಡ್‌ಗಳ, ಅಂದರೆ ಪ್ರತಿ ಕಡತಕ್ಕೂ ಒಂದರಂತೆ ಬೇಕಾಗುವ ನಮೂದುಗಳ ಲೆಕ್ಕ. ಲಕ್ಷಗಟ್ಟಲೆ ಸಣ್ಣ ಕಡತಗಳು ಸೇರಿಕೊಂಡಾಗ ಜಾಗ ಇದ್ದೂ ಹೊಸ ಕಡತ ಹುಟ್ಟಿಸಲಾಗದ ಸ್ಥಿತಿ ಬರುತ್ತದೆ.

ಇಲ್ಲಿ ನಿಮಗೊಂದು ಗೊಂದಲ ಕಾಡಬಹುದು. ರೂಟ್ (ಲಿನಕ್ಸ್‌ನಲ್ಲಿ ಎಲ್ಲ ಹಕ್ಕುಗಳೂ ಇರುವ ಬಳಕೆದಾರ) ಆಗಿ ಟರ್ಮಿನಲ್‌ನಲ್ಲಿ ಕೆಲಸ ಮಾಡುವಾಗ ಕಡತಗಳನ್ನು ಬರೆಯಲು ಆಗುತ್ತಿರುತ್ತದೆ, ರಾತ್ರಿಯ ಬ್ಯಾಕಪ್ ಕೂಡ ನಡೆದಂತೆ ಕಾಣುತ್ತದೆ. ಹಾಗಾದರೆ ಡಿಸ್ಕ್ ತುಂಬಿದೆ ಎನ್ನುವುದು ಹೇಗೆ? ಉಬುಂಟು ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಕಡತ ವ್ಯವಸ್ಥೆ ಡಿಸ್ಕಿನ ಶೇಕಡಾ 5ರಷ್ಟು ಜಾಗವನ್ನು ರೂಟ್‌ಗೆಂದೇ ಮೀಸಲಿಡುತ್ತದೆ. ನಿಮ್ಮ 40 ಜಿಬಿಯಲ್ಲಿ ಅದು 2 ಜಿಬಿ. ಉಳಿದ ಜಾಗ ಮುಗಿದ ದಿನ ಮೈಎಸ್‌ಕ್ಯೂಎಲ್ ಮತ್ತು ಅಪಾಚೆಯಂಥ ಸಾಮಾನ್ಯ ಬಳಕೆದಾರರಿಗೆ ಬಾಗಿಲು ಮುಚ್ಚಿತು, ರೂಟ್ ಹೆಸರಿನಲ್ಲಿ ನಡೆಯುವ ಬ್ಯಾಕಪ್ ಮಾತ್ರ ಮೀಸಲು ಜಾಗವನ್ನು ತಿನ್ನುತ್ತಾ ಹೋಯಿತು. 2 ಜಿಬಿಯಲ್ಲಿ 400 ಎಂಬಿಯ ಬ್ಯಾಕಪ್ ಐದು ರಾತ್ರಿ ಹಿಡಿಸುತ್ತದೆ. ಲಾಗಿನ್ ತೊಂದರೆ ಶುರುವಾದ ಮೇಲೆ ಕರೆಂಟು ಹೋಗುವವರೆಗಿನ ನಾಲ್ಕೈದು ದಿನಗಳಿಗೆ ಈ ಲೆಕ್ಕ ಹೊಂದುತ್ತದೆ.

ಈಗ ನಿಮ್ಮ ಮೂರು ಲಕ್ಷಣಗಳನ್ನೂ ಇದರ ಪಕ್ಕದಲ್ಲಿಟ್ಟು ನೋಡೋಣ.

ಪಿಎಚ್‌ಪಿಮೈಅಡ್ಮಿನ್ ನಿಮ್ಮನ್ನು ಒಳಗೆ ಬಿಟ್ಟ ಮೇಲೆ ನೀವು ಯಾರು ಎಂಬುದನ್ನು ಒಂದು ಸೆಷನ್ ಕಡತದಲ್ಲಿ ಬರೆದಿಡುತ್ತದೆ. ಉಬುಂಟುವಿನಲ್ಲಿ ಅದು '/ವಾರ್/ಲಿಬ್/ಪಿಎಚ್‌ಪಿ/ಸೆಷನ್ಸ್' ಫೋಲ್ಡರಿನಲ್ಲಿರುತ್ತದೆ. ಡಿಸ್ಕ್ ತುಂಬಿದಾಗ ಖಾಲಿ ಕಡತವೇನೋ ಹುಟ್ಟಬಹುದು, ಆದರೆ ಒಳಗೆ ಅಕ್ಷರ ಬರೆಯಲು ಜಾಗವಿರುವುದಿಲ್ಲ. ಮುಂದಿನ ಪುಟ ತೆರೆಯುವ ಹೊತ್ತಿಗೆ ಆ ಕಡತದಲ್ಲಿ ನಿಮ್ಮ ಗುರುತೇ ಇಲ್ಲ, ಹಾಗಾಗಿ ಮತ್ತೆ ಹೆಸರು ಕೇಳುತ್ತದೆ. ಪಾಸ್‌ವರ್ಡ್ ತಪ್ಪಾಗಿದ್ದರೆ 1045 ಎಂಬ ಸಂಖ್ಯೆಯೊಂದಿಗೆ ಸ್ಪಷ್ಟವಾಗಿ ಹೇಳುತ್ತಿತ್ತು. ಏನೂ ಹೇಳದೆ ಹಿಂದಕ್ಕೆ ಕಳುಹಿಸುವುದು ಸೆಷನ್ ಅಥವಾ ಕುಕಿಯ ತೊಂದರೆ. ರೂಟ್ ಆಗಿ ಆ ಫೋಲ್ಡರನ್ನು ಪಟ್ಟಿ ಮಾಡಿ ನೋಡಿ. ಗಾತ್ರ ಸೊನ್ನೆ ಎಂದು ತೋರಿಸುವ ಕಡತಗಳು ಸಾಲಾಗಿ ಕಂಡರೆ ನಾನು ಹೇಳುತ್ತಿರುವುದು ಅದನ್ನೇ.

ಸುತ್ತುತ್ತಲೇ ಇದ್ದ ಚಕ್ರಕ್ಕೂ ಕಾರಣ ಇದೇ. ಬರೆಯಲು ಜಾಗವಿಲ್ಲದಾಗ ಮೈಎಸ್‌ಕ್ಯೂಎಲ್ ಕೂಡಲೇ ಸೋಲೊಪ್ಪುವುದಿಲ್ಲ. ಜಾಗ ಆಯಿತೇ ಎಂದು ನಿಮಿಷಕ್ಕೊಮ್ಮೆ ನೋಡುತ್ತಾ ಕಾಯುತ್ತದೆ, ಹತ್ತು ನಿಮಿಷಕ್ಕೊಮ್ಮೆ ತನ್ನ ಲಾಗ್‌ನಲ್ಲಿ ಎಚ್ಚರಿಕೆ ಬರೆಯಲು ನೋಡುತ್ತದೆ. ಲಾಗ್ ಬರೆಯಲೂ ಜಾಗ ಬೇಕು, ಆದ್ದರಿಂದ ಲಾಗ್ ಯಾವುದೋ ಒಂದು ದಿನಕ್ಕೆ ಅರ್ಧ ವಾಕ್ಯದಲ್ಲಿ ನಿಂತುಹೋಗಿದ್ದರೆ ಅದನ್ನೂ ಒಂದು ಸಾಕ್ಷಿ ಎಂದೇ ತಿಳಿಯಿರಿ.

ಇನ್ನು 2002. ಕರೆಂಟು ಹೋಗುವವರೆಗೆ ಮೈಎಸ್‌ಕ್ಯೂಎಲ್ ಓಡುತ್ತಲಾದರೂ ಇತ್ತು. ಮತ್ತೆ ಶುರುವಾಗಬೇಕಾದಾಗ ಅದು ತಾತ್ಕಾಲಿಕ ಕಡತಗಳನ್ನು ಹೊಸದಾಗಿ ಹುಟ್ಟಿಸಿಕೊಳ್ಳಬೇಕು. ಜಾಗವಿಲ್ಲದ್ದರಿಂದ ಏಳಲಾರದೆ ನಿಂತಿತು. 'ಲೋಕಲ್‌ಹೋಸ್ಟ್' ಎಂದು ಬರೆದಾಗ ಪಿಎಚ್‌ಪಿ ನೆಟ್‌ವರ್ಕ್ ಮೂಲಕ ಹೋಗದೆ ಸಾಕೆಟ್ ಎಂಬ ವಿಶೇಷ ಕಡತದ ಮೂಲಕ ಡೇಟಾಬೇಸ್ ಅನ್ನು ಮಾತನಾಡಿಸುತ್ತದೆ. ಸರ್ವರ್ ಎದ್ದಿಲ್ಲವಾದರೆ ಆ ಸಾಕೆಟ್‌ನಲ್ಲಿ ಕೇಳುವವರಿಲ್ಲ. 2002 ಎಂದರೆ ಬಾಗಿಲು ತಟ್ಟಿದೆವು, ಒಳಗಿಂದ ಯಾರೂ ಓಗೊಡಲಿಲ್ಲ ಎಂದಷ್ಟೇ ಅರ್ಥ. 'ಲೋಕಲ್‌ಹೋಸ್ಟ್' ಬದಲು 127.0.0.1 ಎಂದು ಬರೆದರೆ ಸರಿಹೋಗುತ್ತದೆ ಎಂಬ ಸಲಹೆ ನಿಮಗೆ ಎಲ್ಲಾದರೂ ಸಿಕ್ಕೀತು. ಹಾಗೆ ಮಾಡಿದರೆ 3306ನೇ ಪೋರ್ಟಿನ ಬಾಗಿಲು ತಟ್ಟಿದಂತಾಗುತ್ತದೆ, ಮನೆಯೊಳಗೆ ಯಾರೂ ಇಲ್ಲದಿರುವಾಗ ಯಾವ ಬಾಗಿಲಾದರೇನು.

ಇದೇ ಕಾರಣಕ್ಕೆ ಪಿಎಚ್‌ಪಿಮೈಅಡ್ಮಿನ್ ಅನ್ನು ತೆಗೆದು ಮತ್ತೆ ಹಾಕಿದರೂ ಏನೂ ಆಗಲಿಲ್ಲ. 1998ರಲ್ಲಿ ಹುಟ್ಟಿದಾಗಿನಿಂದ ಇಂದಿನವರೆಗೂ ಅದು ಪಿಎಚ್‌ಪಿಯಲ್ಲಿ ಬರೆದ ಒಂದು ಜಾಲ ಅನ್ವಯ ಮಾತ್ರ. ನಿಮ್ಮ ಡೇಟಾ ಅದರೊಳಗೆ ಇಲ್ಲ. ಅದನ್ನು ನೂರು ಸಲ ತೆಗೆದರೂ ಬುಕ್ಕಿಂಗ್‌ಗಳಿಗೆ ಧಕ್ಕೆಯಿಲ್ಲ. ಆದರೆ ಅದೇ ಧೈರ್ಯದಲ್ಲಿ ಮೈಎಸ್‌ಕ್ಯೂಎಲ್ ಸರ್ವರನ್ನು 'ಪರ್ಜ್' ಮಾಡಿ, ಅಂದರೆ ಬುಡಸಮೇತ ತೆಗೆದು, ಹೊಸದಾಗಿ ಹಾಕಲು ಹೊರಡಬೇಡಿ. ಎಲ್ಲ ಡೇಟಾಬೇಸ್‌ಗಳನ್ನೂ ತೆಗೆದುಬಿಡಲೇ ಎಂದು ಅದು ಕೇಳುತ್ತದೆ. ಅವಸರದಲ್ಲಿ ಹೌದು ಎಂದು ಒತ್ತಿದವರನ್ನು ನಾನು ಬಲ್ಲೆ.

777ರ ವಿಷಯ. ಸೆಷನ್ ಫೋಲ್ಡರಿನ ಅನುಮತಿ ಉಬುಂಟುವಿನಲ್ಲಿ 1733 ಎಂದಿರುತ್ತದೆ. ಸಾಮಾನ್ಯ ಬಳಕೆದಾರರು ಅಲ್ಲಿ ಕಡತ ಹುಟ್ಟಿಸಬಹುದು, ಆದರೆ ಯಾವ ಯಾವ ಕಡತಗಳಿವೆ ಎಂದು ಪಟ್ಟಿ ನೋಡುವಂತಿಲ್ಲ. ನಿಮ್ಮ ಗೆಳೆಯರು ಬಹುಶಃ ಫೋಲ್ಡರ್ ತೆರೆಯಲು ಹೋಗಿ, ಅನುಮತಿ ಇಲ್ಲ ಎಂಬ ಉತ್ತರ ಬಂದದ್ದನ್ನು ಕಂಡು ಅದೇ ದೋಷವೆಂದು ತಿಳಿದಿರಬೇಕು. ಅದು ದೋಷವಲ್ಲ, ಕಾವಲು. ಸೆಷನ್ ಕಡತದ ಹೆಸರಿನಲ್ಲೇ ಸೆಷನ್ನಿನ ಗುರುತು ಇರುತ್ತದೆ. ಆ ಹೆಸರು ತಿಳಿದವರು ನಿಮ್ಮ ಪಾಸ್‌ವರ್ಡ್ ಇಲ್ಲದೆಯೇ ನಿಮ್ಮ ಸೋಗಿನಲ್ಲಿ ಒಳಗೆ ಬರಬಲ್ಲರು. ಈಗಾಗಲೇ ಬದಲಾಯಿಸಿದ್ದರೆ 1733ಕ್ಕೆ ಮರಳಿಸಿ, ಮಾಲೀಕರು ರೂಟ್ ಆಗಿರಲಿ.

ಇನ್ನು ದುರಸ್ತಿ. ಇಲ್ಲಿ ಅನುಕ್ರಮ ಮುಖ್ಯ.

ಇಂದು ರಾತ್ರಿಯ ಬ್ಯಾಕಪ್ ನಡೆಯದಂತೆ ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಲ್ಲಿ ಆ ಸಾಲನ್ನು ತಡೆಹಿಡಿಯಿರಿ. ಮೈಎಸ್‌ಕ್ಯೂಎಲ್ ತಾನಾಗಿ ಮತ್ತೆ ಮತ್ತೆ ಏಳಲು ಯತ್ನಿಸುತ್ತಿರಬಹುದು, 'ಸಿಸ್ಟಮ್‌ಸಿಟಿಎಲ್' ಆದೇಶದ ಮೂಲಕ ಅದನ್ನು ಪೂರ್ತಿ ನಿಲ್ಲಿಸಿ. ಸರ್ವರ್ ಓಡದಿರುವಾಗ ಡಂಪ್, ಅಂದರೆ ರಾತ್ರಿ ತೆಗೆಯುವಂಥ ಬ್ಯಾಕಪ್ ಕಡತ, ತೆಗೆಯಲಾಗುವುದಿಲ್ಲ, ಆದರೆ '/ವಾರ್/ಲಿಬ್/ಮೈಎಸ್‌ಕ್ಯೂಎಲ್' ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಳ್ಳಬಹುದು. ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಸಿಕ್ಕಿಸಿ, ಫೋಲ್ಡರನ್ನು 'ಟಾರ್' ಕಡತವಾಗಿ ಕಟ್ಟಿ ನೇರವಾಗಿ ಅದಕ್ಕೇ ಬರೆಯಿರಿ. ಟಾರ್ ಆದರೆ ಮಾಲೀಕತ್ವ ಮತ್ತು ಅನುಮತಿಗಳು ಹಾಗೆಯೇ ಉಳಿಯುತ್ತವೆ. ಹಳೆಯ ಪೆನ್‌ಡ್ರೈವ್ ಬಳಸಬೇಡಿ, ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಕಡತವನ್ನು ಅದು ಸ್ವೀಕರಿಸುವುದಿಲ್ಲ ಮತ್ತು ನಕಲು ನಡುವೆ ನಿಂತುಹೋಗುತ್ತದೆ. ಈ ನಕಲು ಕೈಯಲ್ಲಿರುವವರೆಗೆ ಮುಂದಿನ ಯಾವ ಹೆಜ್ಜೆ ತಪ್ಪಿದರೂ ಇಂದಿನ ಸ್ಥಿತಿಗೆ ಮರಳಬಹುದು. ಒಂದು ಗಂಟೆ ಹೆಚ್ಚು ಹಿಡಿದರೂ ಇದನ್ನು ಬಿಡಬೇಡಿ.

ಆಮೇಲೆ ಹಳೆಯ ಬ್ಯಾಕಪ್‌ಗಳನ್ನೂ ಅದೇ ಹೊರ ಡಿಸ್ಕಿಗೆ ಸಾಗಿಸಿ. ಅಳಿಸುವ ಮುನ್ನ ಒಂದು ಪರೀಕ್ಷೆ ಅಗತ್ಯ. ಮೈಎಸ್‌ಕ್ಯೂಎಲ್‌ನ ಡಂಪ್ ಪೂರ್ತಿಯಾದಾಗ ಕಡತದ ಕೊನೆಯ ಸಾಲಿನಲ್ಲಿ 'ಡಂಪ್ ಕಂಪ್ಲೀಟೆಡ್' ಎಂದು ದಿನಾಂಕ ಸಹಿತ ಬರೆಯುತ್ತದೆ. 'ಟೇಲ್' ಆದೇಶದಿಂದ ಕೊನೆಯ ಹತ್ತು ಕಡತಗಳ ಬಾಲ ನೋಡಿ. ಜಾಗ ಮುಗಿದ ರಾತ್ರಿಯ ಡಂಪ್ ಅರ್ಧಕ್ಕೆ ನಿಂತಿರುವ ಸಾಧ್ಯತೆ ಹೆಚ್ಚು, ಮತ್ತು ಹೆಸರಿನಲ್ಲಿ ದಿನಾಂಕ ಸರಿಯಾಗಿಯೇ ಇರುವುದರಿಂದ ಮೇಲ್ನೋಟಕ್ಕೆ ಅದು ಗೊತ್ತಾಗುವುದಿಲ್ಲ. ಆ ಸಾಲು ಇರುವ ಕಟ್ಟಕಡೆಯ ಕಡತ ಯಾವುದೆಂದು ಗುರುತು ಮಾಡಿಟ್ಟುಕೊಳ್ಳಿ.

ಹಳೆಯ ಬ್ಯಾಕಪ್‌ಗಳು ಹೋದರೆ ಇಪ್ಪತ್ತಕ್ಕೂ ಹೆಚ್ಚು ಜಿಬಿ ತೆರವಾಗುತ್ತದೆ. ತೆರವಾಗದಿದ್ದರೆ, ಅಳಿಸಿದ ಕಡತವನ್ನು ಯಾವುದೋ ಪ್ರೋಗ್ರಾಂ ಇನ್ನೂ ತೆರೆದಿಟ್ಟುಕೊಂಡಿರಬಹುದು. ಅದನ್ನು ನಿಲ್ಲಿಸುವವರೆಗೆ ಲಿನಕ್ಸ್ ಆ ಜಾಗವನ್ನು ಬಿಟ್ಟುಕೊಡುವುದಿಲ್ಲ.

ಈಗ ಮೈಎಸ್‌ಕ್ಯೂಎಲ್ ಅನ್ನು ಎಬ್ಬಿಸಿ. ಹಠಾತ್ತನೆ ಕರೆಂಟು ಹೋದದ್ದರಿಂದ ಮೊದಲ ಸಲ ಅದು ರೀಡೂ ಲಾಗ್ (ಇತ್ತೀಚಿನ ಬದಲಾವಣೆಗಳ ದಾಖಲೆ) ಓದಿ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಬಳಸುವ ಇನ್ನೊಡಿಬಿ ಮಾದರಿಯ ಟೇಬಲ್‌ಗಳು ಇಂಥ ಆಘಾತವನ್ನು ತಾಳಿಕೊಳ್ಳುವಂತೆಯೇ ರೂಪುಗೊಂಡಿವೆ. ಸ್ವಲ್ಪ ಹೊತ್ತು ಹಿಡಿದರೆ ಗಾಬರಿಯಾಗಿ ಮತ್ತೆ ನಿಲ್ಲಿಸಬೇಡಿ, '/ವಾರ್/ಲಾಗ್/ಮೈಎಸ್‌ಕ್ಯೂಎಲ್' ಫೋಲ್ಡರಿನ ಎರರ್ ಲಾಗ್ ನೋಡುತ್ತಾ ಕುಳಿತಿರಿ. 'ರೆಡಿ ಫಾರ್ ಕನೆಕ್ಷನ್ಸ್' ಎಂಬ ಮಾತು ಅಲ್ಲಿ ಬಂದರೆ ಸರ್ವರ್ ಎದ್ದಿತೆಂದು ಅರ್ಥ. ಏಳಲೇ ಇಲ್ಲವಾದರೆ 'ಇನ್ನೊಡಿಬಿ ಫೋರ್ಸ್ ರಿಕವರಿ' ಎಂಬ ಆಯ್ಕೆಯ ಬಗ್ಗೆ ಯಾರಾದರೂ ಹೇಳಿಯಾರು. ಅದಕ್ಕೆ 1ರಿಂದ 6ರವರೆಗೆ ಮಟ್ಟಗಳಿವೆ, 4 ಮತ್ತು ಅದಕ್ಕಿಂತ ಮೇಲಿನವು ಡೇಟಾವನ್ನು ಶಾಶ್ವತವಾಗಿ ಕೆಡಿಸಬಲ್ಲವು. ಅಂಥ ಸ್ಥಿತಿ ಬಂದರೆ ಅಲ್ಲಿಗೇ ನಿಲ್ಲಿಸಿ, ಲಾಗ್‌ನ ಕೊನೆಯ ಐವತ್ತು ಸಾಲುಗಳನ್ನು ನನಗೆ ಕಳುಹಿಸಿ.

ಸರ್ವರ್ ಎದ್ದ ತಕ್ಷಣ ಮಾಡುವ ಮೊದಲ ಕೆಲಸ ಟರ್ಮಿನಲ್‌ನಿಂದಲೇ ಹೊಸ ಡಂಪ್, ಹೊರ ಡಿಸ್ಕಿಗೆ. ಆಮೇಲೆ ಬೈನರಿ ಲಾಗ್‌ಗಳು. ಮೈಎಸ್‌ಕ್ಯೂಎಲ್ 8.0ರಲ್ಲಿ ಇವು ನಾವು ಹೇಳದೆಯೇ ಚಾಲೂ ಇರುತ್ತವೆ, 30 ದಿನಗಳ ಕಾಲ ಉಳಿಯುತ್ತವೆ. ಒಂದೊಂದೂ 1 ಜಿಬಿವರೆಗೆ ಬೆಳೆಯಬಲ್ಲದು. ನಿಮ್ಮ ರಸೀದಿ ಫೋಟೋಗಳೆಲ್ಲ ಇವುಗಳಲ್ಲಿ ಮತ್ತೊಮ್ಮೆ ದಾಖಲಾಗುತ್ತವೆ. ನಿಮ್ಮ ಗೆಳೆಯರು ಅಳಿಸು ಎಂದ ಕಡತಗಳಲ್ಲಿ ಇವೂ ಸೇರಿರಬೇಕು. ಇವು ಕಸವಲ್ಲ. ನಿನ್ನೆ ರಾತ್ರಿಯ ಡಂಪ್ ಆದ ಮೇಲೆ ಇಂದು ಮಧ್ಯಾಹ್ನದವರೆಗೆ ಬಂದ ಬುಕ್ಕಿಂಗ್‌ಗಳನ್ನು ಮರಳಿ ಪಡೆಯಲು ಇರುವ ದಾರಿ ಇವೇ. ಕೈಯಿಂದ ಅಳಿಸಿದರೆ ಮೈಎಸ್‌ಕ್ಯೂಎಲ್ ಇಟ್ಟುಕೊಂಡ ಪಟ್ಟಿಗೂ ಇರುವ ಕಡತಗಳಿಗೂ ತಾಳ ತಪ್ಪುತ್ತದೆ. ಮೈಎಸ್‌ಕ್ಯೂಎಲ್ ಒಳಗಿನಿಂದ 'ಪರ್ಜ್ ಬೈನರಿ ಲಾಗ್ಸ್' ಆದೇಶಕ್ಕೆ ದಿನಾಂಕ ಕೊಟ್ಟು, ಅದಕ್ಕಿಂತ ಹಳೆಯವನ್ನು ತೆಗೆಸಿ. ಉಳಿಸುವ ಅವಧಿಯನ್ನು ಏಳು ದಿನ, ಅಂದರೆ 604800 ಸೆಕೆಂಡ್ ಎಂದು ನಿಗದಿ ಮಾಡಿದರೆ ನಿಮ್ಮ ಗಾತ್ರದ ಕೆಲಸಕ್ಕೆ ಸಾಕು.

ಬ್ಯಾಕಪ್ ಅನ್ನು ಅದೇ ಡಿಸ್ಕಿನಲ್ಲಿ ಇಡುವುದರ ಬಗ್ಗೆ ನನಗೆ ಗಟ್ಟಿಯಾದ ಆಕ್ಷೇಪವಿದೆ. ಡಿಸ್ಕ್ ಸತ್ತ ದಿನ ಎರಡೂ ಒಟ್ಟಿಗೆ ಹೋಗುತ್ತವೆ, ಡಿಸ್ಕ್ ತುಂಬಿದ ದಿನ ಒಂದು ಇನ್ನೊಂದನ್ನು ಕೊಲ್ಲುತ್ತದೆ. ಯಂತ್ರದಲ್ಲಿ ಏಳು ದಿನದ್ದು ಸಾಕು, ಹಳೆಯದು ತಾನಾಗಿ ಅಳಿಯುವಂತೆ ಕ್ರಾನ್‌ನಲ್ಲೇ ಬರೆಯಿರಿ. ವಾರಕ್ಕೊಂದು ಪ್ರತಿ ಕಚೇರಿಯ ಹೊರಗೆ, ಬೇರೆ ಕಟ್ಟಡದಲ್ಲಿ ಇರಲಿ. ಜಿಜಿಪ್‌ನಿಂದ ಕುಗ್ಗಿಸಿದರೆ ಗಾತ್ರ ಇಳಿಯುತ್ತದೆಯಾದರೂ ನಿಮ್ಮಲ್ಲಿ ಹೆಚ್ಚು ಇಳಿಯಲಾರದು, ಏಕೆಂದರೆ ಫೋಟೋಗಳು ಮೊದಲೇ ಕುಗ್ಗಿಸಿದ ರೂಪದಲ್ಲಿರುತ್ತವೆ. ಬಿಡುವಾದಾಗ ಆ ಫೋಟೋಗಳನ್ನು ಡೇಟಾಬೇಸ್‌ನಿಂದ ತೆಗೆದು ಸಾಮಾನ್ಯ ಫೋಲ್ಡರಿನಲ್ಲಿಟ್ಟು, ಟೇಬಲ್‌ನಲ್ಲಿ ಕಡತದ ಹೆಸರನ್ನು ಮಾತ್ರ ಉಳಿಸಿ. ಆಟಗಳ ಋತು ಮುಗಿಯುವ ಪತ್ತನಾಜೆಯ ದಿನ ಮೇಳ ಗೆಜ್ಜೆ ಬಿಚ್ಚಿದೆ, ಮುಂದಿನ ತಿರುಗಾಟಕ್ಕೆ ಇನ್ನೂ ತಿಂಗಳುಗಳಿವೆ, ಇಂಥ ಕೆಲಸಕ್ಕೆ ಈ ಮಳೆಗಾಲವೇ ಸರಿಯಾದ ಸಮಯ. ಜೊತೆಗೆ ಒಂದು ಯುಪಿಎಸ್. ನಮ್ಮ ಕರಾವಳಿಯ ಆಷಾಢದಲ್ಲಿ ಯುಪಿಎಸ್ ಇಲ್ಲದೆ ಸರ್ವರ್ ಓಡಿಸುವುದು ಸಾಹಸವೇ ಸರಿ.

ಎಲ್ಲ ಸರಿಯಾದ ಮೇಲೆ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ರೂಟ್ ಹೆಸರಿನಿಂದ ಹೋಗಲು ನೋಡಿದಾಗ 1698 ಎಂಬ ದೋಷ ಸಂಖ್ಯೆ ಬಂದರೆ ಅದನ್ನು ಹೊಸ ತೊಂದರೆ ಎಂದುಕೊಳ್ಳಬೇಡಿ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್‌ನ ರೂಟ್ ಪಾಸ್‌ವರ್ಡ್‌ನಿಂದ ಅಲ್ಲ, ಲಿನಕ್ಸ್‌ನ ರೂಟ್ ಆಗಿರುವುದರಿಂದ ಒಳಗೆ ಹೋಗುತ್ತದೆ. ವೆಬ್ ಪುಟಕ್ಕೆ ಆ ಹಕ್ಕು ಇಲ್ಲ, ಇರಲೂಬಾರದು. ಬುಕ್ಕಿಂಗ್ ಡೇಟಾಬೇಸ್ ಒಂದರ ಮೇಲೆ ಮಾತ್ರ ಹಕ್ಕಿರುವ ಬೇರೆ ಬಳಕೆದಾರನನ್ನು ಮಾಡಿಕೊಳ್ಳಿ.

ಹಳೆಯ ಡಂಪ್ ಒಂದನ್ನು ಪಿಎಚ್‌ಪಿಮೈಅಡ್ಮಿನ್ ಮೂಲಕ ಏರಿಸಲು ಹೋಗಬೇಡಿ. ಪಿಎಚ್‌ಪಿ ಮೂಲತಃ 2 ಎಂಬಿಗಿಂತ ದೊಡ್ಡ ಕಡತವನ್ನು ಒಪ್ಪುವುದಿಲ್ಲ. ಮಿತಿ ಏರಿಸಬಹುದು, ಆದರೆ 400 ಎಂಬಿಗೆ ಬ್ರೌಸರ್ ತಕ್ಕ ದಾರಿಯಲ್ಲ, ಟರ್ಮಿನಲ್ ಬಳಸಿ. ಮತ್ತು ನೇರವಾಗಿ ಅಸಲು ಡೇಟಾಬೇಸಿಗೆ ಸುರಿಯದೆ, ಬೇರೆ ಹೆಸರಿನ ಖಾಲಿ ಡೇಟಾಬೇಸಿಗೆ ಹಾಕಿ ಕನ್ನಡ ಹೆಸರುಗಳನ್ನು ಕಣ್ಣಾರೆ ನೋಡಿ. ಅಕ್ಷರಗಳ ಜಾಗದಲ್ಲಿ ತಲೆಯ ಮೇಲೆ ಓರೆಗೆರೆಯಿರುವ ಲ್ಯಾಟಿನ್ 'ಎ' ಮತ್ತೆ ಮತ್ತೆ ಕಂಡರೆ ಭಯ ಬೇಡ. ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತ ಮೂರು ಬೈಟ್‌ಗಳದ್ದು, ಅವನ್ನು ಬಿಡಿಬಿಡಿಯಾಗಿ ಓದಿದ್ದರಿಂದ ಹಾಗೆ ಕಾಣುತ್ತದೆ, ಸಂಪರ್ಕದ ಅಕ್ಷರ ಸಂಕೇತವನ್ನು 'ಯುಟಿಎಫ್8ಎಂಬಿ4' ಮಾಡಿ ಮತ್ತೆ ಹಾಕಿದರೆ ಹೆಚ್ಚಾಗಿ ಸರಿಯಾಗುತ್ತದೆ. ಡಂಪ್ ಕಡತದಲ್ಲೇ ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಆ ಪ್ರತಿಯಲ್ಲಿ ಹೆಸರುಗಳು ಅಳಿದೇ ಹೋಗಿವೆ, ಹಿಂದಿನ ಡಂಪ್ ಹುಡುಕಬೇಕು.

ಕೊನೆಯ ಕೆಲಸ ಕಂಪ್ಯೂಟರಿನದಲ್ಲ. ಚಕ್ರ ಸುತ್ತುತ್ತಿದ್ದ ಆ ನಾಲ್ಕೈದು ದಿನಗಳಲ್ಲಿ ಕಚೇರಿಗೆ ಬಂದು ಹಣ ಕಟ್ಟಿ ರಸೀದಿ ಪಡೆದವರ ಬುಕ್ಕಿಂಗ್ ಡೇಟಾಬೇಸಿಗೆ ಸೇರಿರಲಾರದು, ಕಾಯುತ್ತಿದ್ದ ಬರಹಗಳು ಕರೆಂಟಿನೊಂದಿಗೇ ಹೋಗಿರಬೇಕು. ಕಚೇರಿಯವರನ್ನು ಜೊತೆಗೆ ಕೂರಿಸಿಕೊಂಡು ಜೂನ್ ಒಂದರಿಂದ ಇಂದಿನವರೆಗಿನ ರಸೀದಿ ಪುಸ್ತಕದ ಪ್ರತಿ ಅಡಿಪ್ರತಿಯನ್ನೂ ಟೇಬಲ್‌ನ ಸಾಲುಗಳೊಂದಿಗೆ ತಾಳೆ ಹಾಕಿ. ಮಗುವಿನ ಕಾಯಿಲೆ ಗುಣವಾಗಲೆಂದು ಹರಕೆ ಹೊತ್ತು, ತಮ್ಮ ಆಟದ ಸರದಿಗೆ ವರ್ಷಗಟ್ಟಲೆ ಕಾಯುವ ಮನೆಗಳು ನಮ್ಮ ಕಡೆ ಎಷ್ಟಿವೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಸಿಗದ ಹೆಸರುಗಳನ್ನು ಸೇರಿಸುವಾಗ ರಸೀದಿಯ ದಿನಾಂಕವನ್ನೇ ಹಾಕಿ, ನೀವು ಸೇರಿಸಿದ ದಿನದ್ದನ್ನಲ್ಲ. ಇಲ್ಲದಿದ್ದರೆ ಸರದಿಯಲ್ಲಿ ಅವರು ಹಿಂದಕ್ಕೆ ಹೋಗಿಬಿಡುತ್ತಾರೆ.